ಮನೆ ಸೋಲಾರ್‌ಗೆ ಪ್ಯಾನೆಲ್, ಬ್ಯಾಟರಿ ಸೇರಿಸುವ ಮುನ್ನ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಫೋನಿನಲ್ಲಿ ಕೇಳಿದ್ದು, ಪತ್ರದಲ್ಲಿ ಬಂದದ್ದು, ಮದುವೆ ಮನೆಯ ಊಟದ ಸಾಲಿನಲ್ಲಿ ಪಕ್ಕದವರು ಕೇಳಿದ್ದು, ಎಲ್ಲ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಮನೆ ಮೇಲೆ ಈಗಾಗಲೇ ಒಂದೋ ಎರಡೋ ಮೂರೋ ಕಿಲೋವ್ಯಾಟ್ ಇದೆ, ಅದನ್ನು ದೊಡ್ಡದು ಮಾಡಬೇಕು, ಬ್ಯಾಟರಿ ಹಾಕಬೇಕು, ಉಳಿದ ಕರೆಂಟನ್ನು ಲೈನಿಗೆ ಕೊಡಬೇಕು ಅನ್ನುವವರಿಗಾಗಿ ಬರೆದದ್ದು ಇದು. ಸುಲಭದ ಪ್ರಶ್ನೆಗಳು ಮೊದಲು, ಸ್ವಲ್ಪ ತಲೆ ಕೆಡಿಸಿಕೊಳ್ಳಬೇಕಾದವು ಕೊನೆಗೆ.

## ಮೊದಲು ಇಷ್ಟು

ಮೂರು ಕಿಲೋವ್ಯಾಟ್ ಸೋಲಾರ್ ಇದೆ, ಹೊರಗೆ ಬಿಸಿಲೂ ಇದೆ. ಆದ್ರೂ ಲೈನ್ ಹೋದ್ರೆ ನಮ್ಮನೇಲಿ ಕರೆಂಟ್ ಇಲ್ಲ. ಯಾಕೆ?

ನಿಮ್ಮ ಇನ್ವರ್ಟರ್ ಆನ್-ಗ್ರಿಡ್ ಮಾದರಿಯದು, ಅದಕ್ಕೆ. ಲೈನಿನಲ್ಲಿ ವೋಲ್ಟೇಜ್ ಇದ್ದರೆ ಮಾತ್ರ ಅದು ಓಡುತ್ತದೆ. ಲೈನ್ ಸತ್ತ ಕೂಡಲೇ ನಿಲ್ಲಲೇಬೇಕು ಅನ್ನುವುದು ಕಾನೂನು. ಯಾಕೆಂದರೆ ಮರ ಬಿದ್ದು ತಂತಿ ಕಡಿದಾಗ ಲೈನ್‌ಮನ್ ಕಂಬ ಹತ್ತಿರುತ್ತಾರೆ, ಟ್ರಾನ್ಸ್‌ಫಾರ್ಮರ್ ಆಫ್ ಮಾಡಿದ್ದೇನೆ ಅಂತ ನಂಬಿ ತಂತಿ ಮುಟ್ಟುತ್ತಾರೆ, ಆ ಹೊತ್ತಿನಲ್ಲಿ ನಿಮ್ಮ ಮನೆಯಿಂದ ಕರೆಂಟ್ ಹಿಂದಕ್ಕೆ ಹರಿದರೆ ಜೀವ ಹೋಗುತ್ತದೆ. 2018ರ ಆಗಸ್ಟ್‌ನ ಮಳೆ, ಭೂಕುಸಿತ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಲೈನ್ ಇಲ್ಲದಾಗಲೂ ಮನೆಗೆ ಕರೆಂಟ್ ಬೇಕಿದ್ದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಅದು ಮೊದಲು ಲೈನಿನಿಂದ ಮನೆಯನ್ನು ಬಿಡಿಸಿ, ಆಮೇಲೆ ಒಳಗಿನ ಆಯ್ದ ಸ್ವಿಚ್‌ಗಳಿಗೆ ಮಾತ್ರ ಕರೆಂಟ್ ಕೊಡುತ್ತದೆ.

ಬ್ಯಾಟರಿ ಹಾಕಿದ್ರೆ ಬಿಲ್ ಇನ್ನೂ ಕಮ್ಮಿ ಆಗುತ್ತಾ?

ನೆಟ್ ಮೀಟರ್ ಇದ್ದರೆ, ಇಲ್ಲ. ಹಗಲು ನೀವು ಲೈನಿಗೆ ಕೊಟ್ಟ ಒಂದು ಯೂನಿಟ್, ರಾತ್ರಿ ನೀವು ಎಳೆದುಕೊಂಡ ಒಂದು ಯೂನಿಟ್‌ಗೆ ತಿಂಗಳ ಲೆಕ್ಕದಲ್ಲಿ ವಜಾ ಆಗುತ್ತದೆ. ಅದೇ ಯೂನಿಟ್ ಬ್ಯಾಟರಿಗೆ ಹೋಗಿ ವಾಪಸ್ ಬರುವಾಗ ಇನ್ವರ್ಟರ್‌ನ ನಷ್ಟವೂ ಸೇರಿ ನೂರಕ್ಕೆ ಹತ್ತು ಭಾಗವಾದರೂ ಕರಗುತ್ತದೆ, ಹಳೇ ಲೆಡ್ ಆಸಿಡ್ ಆದರೆ ಇನ್ನೂ ಜಾಸ್ತಿ. ಮೇಲೆ ಬ್ಯಾಟರಿಯ ಬೆಲೆ ಬೇರೆ. ಹಾಗಾಗಿ "ಬ್ಯಾಟರಿ ಹಾಕಿ, ಐದು ವರ್ಷದಲ್ಲಿ ದುಡ್ಡು ವಾಪಸ್" ಅಂತ ಯಾರಾದರೂ ಕೊಟೇಶನ್ ಕೊಟ್ಟರೆ ಆ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಲು ಹೇಳಿ.

ಕೊಡಗಿನಲ್ಲಿ ಬ್ಯಾಟರಿ ಬೇಕಾಗಿರುವುದು ಕತ್ತಲೆಗೆ. ಮಳೆಗಾಲದಲ್ಲಿ ಲೈನ್ ಹೋದರೆ ದಿನಗಟ್ಟಲೆ ಬಾರದಿರುವ ಮನೆಗಳಿವೆ. ಮನೆಯಲ್ಲಿ ವಯಸ್ಸಾದವರು ಇರುತ್ತಾರೆ, ಇನ್ಸುಲಿನ್ ಇಡುವ ಫ್ರಿಜ್ ಇರುತ್ತದೆ, ನೆಟ್‌ವರ್ಕ್ ಸಿಗದ ಕಡೆ ವೈಫೈ ಒಂದೇ ಫೋನಿಗೆ ದಾರಿ. ಇದು ದುಡ್ಡಿನ ಲೆಕ್ಕ ಅಲ್ಲ, ಅಗತ್ಯದ ಲೆಕ್ಕ. ಪ್ಯಾನೆಲ್ ಎಷ್ಟು ಬೇಕು ಅನ್ನುವುದನ್ನು ಬಿಲ್ ನೋಡಿ ತೀರ್ಮಾನಿಸಿ, ಬ್ಯಾಟರಿ ಎಷ್ಟು ಬೇಕು ಅನ್ನುವುದನ್ನು ಲೈನ್ ಎಷ್ಟು ಹೊತ್ತು ಹೋಗುತ್ತದೆ ಅಂತ ನೋಡಿ ತೀರ್ಮಾನಿಸಿ. ಈ ಎರಡನ್ನು ಒಟ್ಟಿಗೆ ಕಲಸಿದರೆ ಎರಡೂ ತಪ್ಪಾಗುತ್ತದೆ.

ನಮ್ಮ ಭಾಗಮಂಡಲ ಕಡೆ ಜುಲೈನಲ್ಲಿ ಸೂರ್ಯನೇ ಕಾಣಲ್ಲ. ಸೋಲಾರ್ ಹಾಕಿ ಏನು ಪ್ರಯೋಜನ?

ವರ್ಷದ ಲೆಕ್ಕ ಹಾಕಿದರೆ ಪ್ರಯೋಜನ ಇದೆ. ಒಳ್ಳೆ ಬಿಸಿಲಿನ ದಿನ 1 ಕಿಲೋವ್ಯಾಟ್‌ನಿಂದ ಸುಮಾರು 4 ಯೂನಿಟ್ ಬರುತ್ತದೆ. ಹುತ್ತರಿ ಕಳೆದ ಮೇಲೆ ಮೇ ತಿಂಗಳವರೆಗೆ ನಮಗೆ ಒಳ್ಳೆ ಬಿಸಿಲೇ ಸಿಗುತ್ತದೆ. ಕಕ್ಕಡದ (ಜುಲೈ-ಆಗಸ್ಟ್‌ನ ಮಳೆ ತಿಂಗಳು) ಮಬ್ಬಿನಲ್ಲಿ ಅದೇ ಪ್ಯಾನೆಲ್ ಹತ್ತರಿಂದ ಇಪ್ಪತ್ತೈದು ಪರ್ಸೆಂಟ್ ಕೊಟ್ಟರೆ ಸಾಕು ಅನ್ನುವ ಹಾಗಿರುತ್ತದೆ. ಅಂದರೆ 3 ಕಿಲೋವ್ಯಾಟ್‌ನಿಂದ ಕತ್ತಲೆಯ ದಿನ 1ರಿಂದ 3 ಯೂನಿಟ್.

ಇಡೀ ಕೊಡಗು ಒಂದೇ ಅಂತಲೂ ತಿಳಿಯಬೇಡಿ. ಕುಶಾಲನಗರ, ಶನಿವಾರಸಂತೆ ಕಡೆ ಮಳೆ ಕಮ್ಮಿ, ಅಲ್ಲಿ ಮೈಸೂರಿನ ಲೆಕ್ಕ ಹೆಚ್ಚು ಕಡಿಮೆ ಹೊಂದುತ್ತದೆ. ಭಾಗಮಂಡಲ, ನಾಪೋಕ್ಲು, ಮಡಿಕೇರಿಗೆ ಆ ಲೆಕ್ಕ ತಂದರೆ ನಿರಾಸೆ ಖಂಡಿತ. ವೆಂಡರ್ ಮೈಸೂರಿನವರಾಗಿದ್ದರೆ ತಿಂಗಳು ತಿಂಗಳ ಅಂದಾಜು ಕೇಳಿ, ವರ್ಷದ ಒಟ್ಟು ಮಾತ್ರ ಹೇಳಿದರೆ ಒಪ್ಪಬೇಡಿ.

ಗೃಹಜ್ಯೋತಿ ಇದೆ, ಬಿಲ್ಲೇ ಬರಲ್ಲ. ಇನ್ನೂ ಪ್ಯಾನೆಲ್ ಯಾಕೆ?

ಬಿಲ್ಲೇ ಇಲ್ಲದವರಿಗೆ ಪ್ಯಾನೆಲ್ ಜಾಸ್ತಿ ಮಾಡಿ ಉಳಿಸಲು ಏನೂ ಇಲ್ಲ. ಬ್ಯಾಕಪ್ ಬೇಕಿದ್ದರೆ ಇರುವ ಪ್ಯಾನೆಲ್‌ಗೇ ಬ್ಯಾಟರಿ ಸೇರಿಸಿ, ಸಾಕು. ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟುವ ಮನೆಯವರು ಮಾತ್ರ ಪ್ಯಾನೆಲ್ ಲೆಕ್ಕಕ್ಕೆ ಕೂರಬೇಕು.

## ಬ್ಯಾಟರಿ

ಸಾಧಾರಣ ಮನೆಗೆ ಎಷ್ಟು ದೊಡ್ಡ ಬ್ಯಾಟರಿ ಬೇಕು?

ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ಮಳೆಗಾಲದ ದಿನದ ಲೆಕ್ಕ ಬರೆಯಿರಿ, ಬೇಸಿಗೆಯದ್ದಲ್ಲ. ಜುಲೈನಲ್ಲಿ ನಮಗೆ ಫ್ಯಾನ್ ಬೇಕಿಲ್ಲ, ಅದು ಒಂದು ಉಳಿತಾಯ.

ಆರು ಎಲ್‌ಇಡಿ ಬಲ್ಬ್, 9 ವ್ಯಾಟ್‌ನವು, ದಿನಕ್ಕೆ ಐದು ಗಂಟೆ: ಕಾಲು ಯೂನಿಟ್‌ಗೆ ಸ್ವಲ್ಪ ಮೇಲೆ. ವೈಫೈ 10 ವ್ಯಾಟ್, ದಿನವಿಡೀ: ಕಾಲು ಯೂನಿಟ್. ಫ್ರಿಜ್: ಸುಮಾರು ಒಂದು ಯೂನಿಟ್. ಟಿವಿ ಮೂರು ಗಂಟೆ: ಕಾಲು ಯೂನಿಟ್. ಫೋನ್, ಲ್ಯಾಪ್‌ಟಾಪ್ ಸೇರಿ ಇನ್ನೊಂದಿಷ್ಟು. ಇಲ್ಲಿಗೆ 1.9 ಯೂನಿಟ್ ಆಯಿತು. ಬಾವಿಯ ಒಂದು ಎಚ್‌ಪಿ ಪಂಪ್ ಅರ್ಧ ಗಂಟೆ ಓಡಿದರೆ ಇನ್ನರ್ಧ ಯೂನಿಟ್.

ಈಗ ಯಾವ ಕೊಟೇಶನ್‌ನಲ್ಲೂ ಸಾಮಾನ್ಯವಾಗಿ ಬರೆಯದ ಒಂದು ಸಾಲು ಸೇರಿಸಿ. ಹೈಬ್ರಿಡ್ ಇನ್ವರ್ಟರ್ ಸುಮ್ನೆ ಆನ್ ಆಗಿರಲು ತಾನೇ 40 ವ್ಯಾಟ್‌ನಷ್ಟು ತಿನ್ನುತ್ತದೆ, ಕೆಲವು ಅದಕ್ಕಿಂತ ಜಾಸ್ತಿ. ದಿನಕ್ಕೆ ಒಂದು ಯೂನಿಟ್ ಅಲ್ಲೇ ಹೋಯಿತು. ಒಟ್ಟು 3.4 ಯೂನಿಟ್.

ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಲಿಥಿಯಂ ಬ್ಯಾಟರಿ 51.2 ವೋಲ್ಟ್, 100 ಎಎಚ್ (ಆಂಪಿಯರ್ ಅವರ್), ಅಂದರೆ 5.12 ಯೂನಿಟ್. ಅದರಲ್ಲಿ ಶೇ 90 ಬಳಸಬಹುದು ಅಂದರೆ 4.6. ಬಿಸಿಲು ಒಂದು ಚೂರೂ ಬರದಿದ್ದರೆ ಮೂವತ್ತೆರಡು ಗಂಟೆ ಸಾಗುತ್ತದೆ. ಮಬ್ಬಿನಲ್ಲಿ ಪ್ಯಾನೆಲ್ ಕೊಡುವ ಒಂದೆರಡು ಯೂನಿಟ್ ಸೇರಿದರೆ ಎರಡು ದಿನ ದಾಟಬಹುದು. ಹೆಚ್ಚಿನ ಮನೆಗಳಿಗೆ ಇಷ್ಟು ಸಾಕು. ತೋಟದ ಒಳಗಿನ ಒಂಟಿ ಮನೆ, ಲೈನ್ ಸರಿಯಾಗಲು ವಾರ ಹಿಡಿಯುವ ಜಾಗ ಆದರೆ 10 ಯೂನಿಟ್‌ಗೆ ಹೋಗಿ.

ಗೀಸರ್, ಮಿಕ್ಸಿಗಿಂತ ದೊಡ್ಡ ಗ್ರೈಂಡರ್, ರೂಂ ಹೀಟರ್, ಇವನ್ನು ಬ್ಯಾಕಪ್ ಕಡೆಗೆ ಕೊಡಲೇಬೇಡಿ. 2 ಕಿಲೋವ್ಯಾಟ್ ಗೀಸರ್ ಎರಡು ಗಂಟೆ ಓಡಿದರೆ ಬ್ಯಾಟರಿ ಖಾಲಿ. ಬಚ್ಚಲ ಒಲೆ ಇರುವ ಮನೆಯವರು ಅದನ್ನು ಕೆಡವದೆ ಇಟ್ಟುಕೊಳ್ಳಿ.

ಪಂಪ್ ವಿಷಯ ಇನ್ನೊಂದಿದೆ. ಒಂದು ಎಚ್‌ಪಿ ಅಂದರೆ 746 ವ್ಯಾಟ್, ಆದರೆ ಸ್ಟಾರ್ಟ್ ಆಗುವ ಕ್ಷಣಕ್ಕೆ ಅದರ ಮೂರರಿಂದ ಆರು ಪಟ್ಟು ಎಳೆಯುತ್ತದೆ. 3 ಕಿಲೋವ್ಯಾಟ್ ಇನ್ವರ್ಟರ್‌ನಲ್ಲಿ ಪಂಪ್ ಹಾಕಿದ ಕೂಡಲೇ ಎಲ್ಲ ಆಫ್ ಆಯಿತು ಅಂತ ದೂರುವವರ ಸಮಸ್ಯೆ ಇದೇ. ಇನ್ವರ್ಟರ್ ಕೊಳ್ಳುವ ಮುಂಚೆ ಪಂಪ್‌ನ ನೇಮ್‌ಪ್ಲೇಟ್ ಫೋಟೋ ತೆಗೆದು ವೆಂಡರ್‌ಗೆ ಕಳಿಸಿ.

ಯುಪಿಎಸ್‌ಗೆ ಹಾಕಿರೋ 150 ಎಎಚ್ ಟ್ಯೂಬುಲರ್ ಎರಡಿದೆ. ಅದನ್ನೇ ಹೈಬ್ರಿಡ್‌ಗೆ ಹಾಕ್ಬಹುದಾ?

ಟ್ಯೂಬುಲರ್ ಅಂದರೆ ಲೆಡ್ ಆಸಿಡ್ ಬ್ಯಾಟರಿ, ಎರಡು ಸೇರಿದರೆ 24 ವೋಲ್ಟ್. ಈಗಿನ ಹೆಚ್ಚಿನ ಹೈಬ್ರಿಡ್ ಇನ್ವರ್ಟರ್‌ಗಳಿಗೆ 48 ವೋಲ್ಟ್ ಬೇಕು, ಅಂದರೆ ನಾಲ್ಕು ಬ್ಯಾಟರಿ. ಹಳೇದಕ್ಕೆ ಹೊಸದನ್ನು ಎರಡು ಸೇರಿಸಿ ನಾಲ್ಕು ಮಾಡಬೇಡಿ, ಹಳೇದು ಹೊಸದನ್ನೂ ಕೆಡಿಸುತ್ತದೆ. ಜೊತೆಗೆ ಟ್ಯೂಬುಲರ್‌ನಲ್ಲಿ ಅರ್ಧ ಮಾತ್ರ ಬಳಸಿದರೆ ಬಾಳಿಕೆ. 150 ಎಎಚ್‌ನಲ್ಲಿ ಬರೆದಿರುವುದು 1.8 ಯೂನಿಟ್, ಕೈಗೆ ಸಿಗುವುದು 0.9. ಹಳೇ ಎರಡನ್ನು ಹಳೇ ಯುಪಿಎಸ್ ಜೊತೆಯಲ್ಲೇ ಬಲ್ಬ್‌ಗಳಿಗೆ ಬಿಡಿ, ಸಾಯುವ ತನಕ ಅಲ್ಲೇ ಇರಲಿ. ಹೊಸದಾಗಿ ಹಾಕುವುದಾದರೆ ಲಿಥಿಯಂ ಐರನ್ ಫಾಸ್ಫೇಟ್ ಹಾಕಿ. ಅದಕ್ಕೆ ನೀರು ಹಾಕುವ ಕೆಲಸವಿಲ್ಲ, ಸಾವಿರಾರು ಸಲ ಚಾರ್ಜ್ ಆಗಿ ಇಳಿದರೂ ತಡೆಯುತ್ತದೆ. ಅದರ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್) ಮತ್ತು ನಿಮ್ಮ ಇನ್ವರ್ಟರ್ ಒಂದಕ್ಕೊಂದು ಮಾತಾಡುತ್ತವೆಯೇ, ಇನ್ವರ್ಟರ್ ಕಂಪನಿಯ ಪಟ್ಟಿಯಲ್ಲಿ ಆ ಬ್ಯಾಟರಿಯ ಹೆಸರು ಇದೆಯೇ ಅಂತ ನೋಡದೆ ಅಡ್ವಾನ್ಸ್ ಕೊಡಬೇಡಿ.

ಬ್ಯಾಟರಿ ಅಟ್ಟದ ಮೇಲೆ ಇಡ್ಬಹುದಾ?

ಬೇಡ. ಅಟ್ಟದಲ್ಲಿ ಇಲಿ ಇರುತ್ತದೆ, ವೈರ್ ಕಚ್ಚುತ್ತದೆ. ಹೆಂಚಿನ ಕೆಳಗೆ ಮಾರ್ಚ್‌ನಲ್ಲಿ ಸೆಕೆ, ಜುಲೈನಲ್ಲಿ ಸೋರಿಕೆ. ಮಲಗುವ ಕೋಣೆಯೂ ಬೇಡ. ನೆಲದಿಂದ ಒಂದಡಿ ಮೇಲೆ, ಗೋಡೆಗೆ, ಗಾಳಿ ಆಡುವ ಒಣ ಜಾಗ. ಟ್ಯೂಬುಲರ್ ಆದರೆ ಗಾಳಿ ಇನ್ನೂ ಮುಖ್ಯ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ.

ಮೂರು ದಿನ ಬಿಸಿಲಿಲ್ಲ, ಲೈನೂ ಇಲ್ಲ. ಆಗ ಜನರೇಟರ್ ಸೇರಿಸ್ಬಹುದಾ?

ಸೇರಿಸಬಹುದು, ಆದರೆ ಹೈಬ್ರಿಡ್ ಇನ್ವರ್ಟರ್‌ನಲ್ಲಿ ಜನರೇಟರ್‌ಗೇ ಬೇರೆ ಟರ್ಮಿನಲ್ ಇದ್ದರೆ ಮಾತ್ರ. ಕೊಳ್ಳುವಾಗಲೇ ಇದನ್ನು ಕೇಳಿ, ತೋಟದ ಮನೆಗಳಿಗೆ ಇದು ನನ್ನ ಮಟ್ಟಿಗೆ ಮೊದಲ ಷರತ್ತು. ಎರಡು ಗಂಟೆ ಜನರೇಟರ್ ಓಡಿಸಿ ಬ್ಯಾಟರಿ ತುಂಬಿಸಿಕೊಂಡರೆ ಉಳಿದ ಹೊತ್ತು ಸದ್ದಿಲ್ಲದೆ ಸಾಗುತ್ತದೆ, ಡೀಸೆಲ್ ಕೂಡ ಕಮ್ಮಿ. ಆನ್-ಗ್ರಿಡ್ ಇನ್ವರ್ಟರ್ ಇರುವ ಲೈನಿಗೆ ನೇರವಾಗಿ ಜನರೇಟರ್ ಕೊಡಬೇಡಿ. ಇನ್ವರ್ಟರ್ ಅದನ್ನೇ ಚೆಸ್ಕಾಂ (ನಮ್ಮ ಕರೆಂಟ್ ಕಂಪನಿ) ಲೈನ್ ಅಂತ ತಿಳಿದು ಅದರೊಳಗೆ ಕರೆಂಟ್ ತಳ್ಳುತ್ತದೆ, ಜನರೇಟರ್ ಸುಡುತ್ತದೆ.

ಇನ್ನೊಂದು ಸೆಟ್ಟಿಂಗ್ ಇದೆ, ಅದನ್ನು ಮಳೆ ಶುರುವಾಗುವ ಮುಂಚೆ ನೀವೇ ಬದಲಿಸಲು ಕಲಿಯಿರಿ. ಲೈನ್ ಇರುವಾಗ ಬ್ಯಾಟರಿಯಲ್ಲಿ ಎಷ್ಟು ಪರ್ಸೆಂಟ್ ಮುಟ್ಟದೆ ಉಳಿದಿರಬೇಕು ಅನ್ನುವುದು ಅದು. ಬೇಸಿಗೆಯಲ್ಲಿ 30 ಇದ್ದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 90ರ ಮೇಲೆ ಇಡಿ, ಮತ್ತು ಲೈನ್ ಇರುವಾಗ ಲೈನಿನಿಂದಲೂ ಚಾರ್ಜ್ ಆಗಲು ಬಿಡಿ. ಹೀಗೆ ಮಾಡದವರ ಮನೆಯಲ್ಲಿ ಗಾಳಿ ಮಳೆ ಬಂದ ರಾತ್ರಿಯೇ ಬ್ಯಾಟರಿ ಅರ್ಧಕ್ಕೆ ಇಳಿದಿರುತ್ತದೆ.

## ಪ್ಯಾನೆಲ್ ಸೇರಿಸುವಾಗ

ಹಳೇ 330 ವ್ಯಾಟ್ ಪ್ಯಾನೆಲ್ ಜೊತೆ ಹೊಸ 550 ವ್ಯಾಟ್ ಪ್ಯಾನೆಲ್ ಜೋಡಿಸ್ಬಹುದಾ?

ಒಂದೇ ಸಾಲಿನಲ್ಲಿ ಬೇಡ. ಸೀರೀಸ್‌ನಲ್ಲಿ ಜೋಡಿಸಿದಾಗ ಎಲ್ಲ ಪ್ಯಾನೆಲ್‌ನಲ್ಲೂ ಒಂದೇ ಕರೆಂಟ್ ಹರಿಯಬೇಕು. ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ಒಂದು ಎತ್ತು ನಿಧಾನ ಆದರೆ ಇನ್ನೊಂದೂ ಅದರ ನಡಿಗೆಗೇ ಇಳಿಯುತ್ತದಲ್ಲ, ಹಾಗೆ 550 ವ್ಯಾಟ್‌ನದು 330ರ ಕರೆಂಟಿಗೇ ಇಳಿಯುತ್ತದೆ. ಇನ್ವರ್ಟರ್‌ನಲ್ಲಿ ಎರಡು ಎಂಪಿಪಿಟಿ (ಒಂದೊಂದು ಪ್ಯಾನೆಲ್ ಸಾಲನ್ನು ಬೇರೆಯಾಗಿ ನಿಭಾಯಿಸುವ ಇನ್‌ಪುಟ್) ಇದ್ದರೆ ಹಳೇದು ಒಂದಕ್ಕೆ, ಹೊಸದು ಇನ್ನೊಂದಕ್ಕೆ. ಆಗ ತೊಂದರೆಯಿಲ್ಲ.

ಸಾಲಿನ ವೋಲ್ಟೇಜ್ ಲೆಕ್ಕ ಹಾಕುವಾಗ ಡಿಸೆಂಬರ್ ಬೆಳಗನ್ನು ಮರೆಯಬಾರದು. ಚಳಿಯಲ್ಲಿ ಪ್ಯಾನೆಲ್ ವೋಲ್ಟೇಜ್ ಏರುತ್ತದೆ. ಮಂಜು ಸರಿದು ಒಮ್ಮೆಗೇ ಬಿಸಿಲು ಬಿದ್ದಾಗ ಇನ್ವರ್ಟರ್‌ನ ಮಿತಿ ದಾಟಿದರೆ ಅದು ಕೆಡುತ್ತದೆ, ವಾರಂಟಿಯೂ ಸಿಗುವುದಿಲ್ಲ. ಹೊಸ ಪ್ಯಾನೆಲ್‌ನ ಡಿಸಿ ಕರೆಂಟ್ ಹಳೇ ಇನ್ವರ್ಟರ್ ತಡೆಯುತ್ತದೆಯೇ ಅಂತಲೂ ನೋಡಿಸಿ.

ಹಳೇ ಇನ್ವರ್ಟರ್ ಚೆನ್ನಾಗೇ ಓಡ್ತಿದೆ. ಬ್ಯಾಟರಿಗೋಸ್ಕರ ಅದನ್ನ ತೆಗೀಲೇಬೇಕಾ?

ತೆಗೆಯಲೇಬೇಕು ಅಂತೇನಿಲ್ಲ. ಎರಡು ದಾರಿ ಇದೆ. ಒಂದು, ಹಳೇ ಆನ್-ಗ್ರಿಡ್ ತೆಗೆದು ದೊಡ್ಡ ಹೈಬ್ರಿಡ್ ಒಂದನ್ನೇ ಹಾಕಿ ಎಲ್ಲ ಪ್ಯಾನೆಲ್ ಅದಕ್ಕೆ ಕೊಡುವುದು. ಹಳೇದಕ್ಕೆ ವಾರಂಟಿ ಮುಗಿಯುತ್ತ ಬಂದಿದ್ದರೆ ಇದೇ ಸರಿ, ವೈರಿಂಗ್ ಸರಳ, ಕೆಟ್ಟರೆ ಕೇಳುವುದು ಒಬ್ಬರನ್ನೇ.

ಎರಡನೆಯದು, ಹಳೇದನ್ನು ಹಾಗೇ ಬಿಟ್ಟು ಅದರ ಔಟ್‌ಪುಟ್ಟನ್ನು ಹೈಬ್ರಿಡ್‌ನ ಬ್ಯಾಕಪ್ ಕಡೆಗೆ ಕೊಡುವುದು. ಎಸಿ ಕಪ್ಲಿಂಗ್ ಅನ್ನುತ್ತಾರೆ. ಲೈನ್ ಹೋದಾಗ ಹೈಬ್ರಿಡ್ ತಾನೇ ಲೈನಿನ ಹಾಗೆ ನಟಿಸುತ್ತದೆ, ಹಳೇದು ನಂಬಿ ಓಡುತ್ತದೆ. ಬ್ಯಾಟರಿ ತುಂಬಿದಾಗ ಹೈಬ್ರಿಡ್ ಫ್ರೀಕ್ವೆನ್ಸಿಯನ್ನು 50 ಹರ್ಟ್ಸ್‌ನಿಂದ ಮೇಲೆ ಏರಿಸುತ್ತದೆ, ಹಳೇದು ಅದನ್ನು ನೋಡಿ ನಿಲ್ಲುತ್ತದೆ. ಕೆಲಸ ಚೆನ್ನಾಗಿದೆ, ಆದರೆ ಹಳೇ ಇನ್ವರ್ಟರ್ ಹೈಬ್ರಿಡ್‌ಗಿಂತ ದೊಡ್ಡದಿರಬಾರದು, ಮತ್ತು ಮಾಡುವವರಿಗೆ ಇದು ಗೊತ್ತಿರಬೇಕು. "ಎರಡನ್ನೂ ಒಂದೇ ಡಿಬಿಗೆ (ಮನೆಯ ಎಂಸಿಬಿ ಪೆಟ್ಟಿಗೆಗೆ) ಕೊಟ್ಬಿಡ್ತೀವಿ" ಅಂತ ಹೇಳುವ ಎಲೆಕ್ಟ್ರಿಷಿಯನ್ ಕೈಗೆ ಇದನ್ನು ಕೊಡಬೇಡಿ.

ಹಂಚಿನ ಮನೆ, ಸುತ್ತ ತೋಟದ ಮರ. ಹೊಸ ಪ್ಯಾನೆಲ್‌ಗೆ ಜಾಗ ಎಲ್ಲಿ?

ಹೊಸ 550 ವ್ಯಾಟ್ ಪ್ಯಾನೆಲ್ ಒಂದೊಂದೂ ಏಳೂವರೆ ಅಡಿ ಉದ್ದ, 28 ಕೆಜಿಯ ಆಸುಪಾಸು ತೂಕ. ಹಳೇ ಐನ್ ಮನೆಯ (ಕುಟುಂಬದ ಮೂಲ ಮನೆಯ) ಮಾಡಿನ ಮೇಲೆ ಇದನ್ನು ಹೊರಿಸುವುದು ನನಗೆ ಇಷ್ಟವಿಲ್ಲ. ಹಂಚು ಒಡೆದರೆ ಅದೇ ಅಳತೆಯದು ಈಗ ಸಿಗುವುದಿಲ್ಲ, ಸೋರಿಕೆ ಶುರುವಾದರೆ ಪಕ್ಕಾಸಿಗೆ ಕುತ್ತು. ಕೊಟ್ಟಿಗೆ, ಗೋಡೌನ್, ಕಾರ್ ಶೆಡ್ಡಿನ ಶೀಟ್ ಮೇಲೆ ಹಾಕಿ, ಇಲ್ಲವೇ ಕಾಫಿ ಕಣದ ಅಂಚಿನಲ್ಲಿ ಕಂಬ ನೆಟ್ಟು ಎತ್ತರಕ್ಕೆ ಹಾಕಿ. ಕಣಕ್ಕೆ ನೆರಳು ಬೀಳದ ಬದಿ ನೋಡಿ, ಇಲ್ಲದಿದ್ದರೆ ಕಾಫಿ ಒಣಗುವ ಹೊತ್ತಿಗೆ ಮನೆಯಲ್ಲಿ ಜಗಳ. ಕಾಡಾನೆ ಓಡಾಡುವ ಸಿದ್ದಾಪುರ, ಮಾಲ್ದಾರೆ ಕಡೆಯವರು ನೆಲದ ಮೇಲಿನ ಪ್ಯಾನೆಲ್ ಆಲೋಚನೆಯನ್ನೇ ಬಿಡುವುದು ಒಳ್ಳೆಯದು.

ನೆರಳಿಗೆ ಮರ ಕಡಿಯುವ ಮೊದಲು ಮರಗಸಿ ಮಾಡಿ, ಅಂದರೆ ಕೊಂಬೆ ಸವರಿ ನೋಡಿ. ಸಿಲ್ವರ್ ಓಕ್ ಬಿಟ್ಟು ಬೇರೆ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿಯ ವಿಷಯ ಬರುತ್ತದೆ. ದಿಕ್ಕು ದಕ್ಷಿಣ ಆದರೆ ಉತ್ತಮ, ಇಳಿಜಾರು 10ರಿಂದ 15 ಡಿಗ್ರಿ. ಪೂರ್ವ ಪಶ್ಚಿಮ ಆದರೂ ದೊಡ್ಡ ನಷ್ಟವಿಲ್ಲ. ನೆರಳಿನ ದಕ್ಷಿಣಕ್ಕಿಂತ ತೆರೆದ ಪಶ್ಚಿಮ ಮೇಲು. ಮಳೆ ಮುಗಿದ ಮೇಲೆ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ, ಮೆತ್ತಗಿನ ಬಟ್ಟೆ, ನೀರು ಸಾಕು.

ಏಪ್ರಿಲ್‌ನಲ್ಲಿ ನಮ್ಮಲ್ಲಿ ಸಿಡಿಲು ಜೋರು. ಏನು ಮಾಡ್ಬೇಕು?

ಪ್ಯಾನೆಲ್ ಕಟ್ಟಿದ ಕಬ್ಬಿಣಕ್ಕೆ ಒಂದು ಅರ್ಥಿಂಗ್, ಎಸಿ ಕಡೆಗೆ ಒಂದು, ಮಿಂಚುವಾಹಕಕ್ಕೆ ಒಂದು, ಬೇರೆ ಬೇರೆ ಗುಂಡಿ. ಡಿಸಿ (ಪ್ಯಾನೆಲ್) ಕಡೆಗೂ ಎಸಿ (ಮನೆ) ಕಡೆಗೂ ಎಸ್‌ಪಿಡಿ, ಅಂದರೆ ಸಿಡಿಲಿಗೆ ಏರುವ ವೋಲ್ಟೇಜ್ ತಡೆಯುವ ಸಾಧನ. ವಿಸ್ತರಣೆ ಮಾಡುವಾಗ ಹಳೇ ಗುಂಡಿಗೇ ಹೊಸ ತಂತಿ ಸುತ್ತಿ ಹೋಗುತ್ತಾರೆ, ಬಿಡಬೇಡಿ, ಅರ್ಥ್ ಮೀಟರ್ ಹಿಡಿದು ಓಮ್ಸ್ ತೋರಿಸಲು ಹೇಳಿ. ಎಸ್‌ಪಿಡಿಯ ಹಸಿರು ಕಿಟಕಿ ಕೆಂಪಾಗಿದೆಯೇ ಅಂತ ದೊಡ್ಡ ಸಿಡಿಲಿನ ಮರುದಿನ ನೋಡಿ.

## ಅನುಮತಿ ಮತ್ತು ಕಾಗದ

ಎರಡೇ ಎರಡು ಪ್ಯಾನೆಲ್ ಸೇರಿಸೋದು. ಅದಕ್ಕೂ ಚೆಸ್ಕಾಂ ಪರ್ಮಿಷನ್ ಬೇಕಾ?

ಬೇಕು. ನೀವು ಸಹಿ ಹಾಕಿದ ಒಪ್ಪಂದದಲ್ಲಿ ಇಷ್ಟು ಕಿಲೋವ್ಯಾಟ್ ಅಂತ ಬರೆದಿದೆ. ಅದರ ಮೇಲೆ ನಿಮ್ಮ ಮೀಟರ್, ಕೇಬಲ್, ಟ್ರಾನ್ಸ್‌ಫಾರ್ಮರ್‌ನ ಲೆಕ್ಕ ನಿಂತಿದೆ. ಹೇಳದೆ ಸೇರಿಸಿದರೆ ಒಪ್ಪಂದ ಮುರಿದ ಹಾಗೆ, ಕೊಟ್ಟ ಕರೆಂಟಿಗೆ ದುಡ್ಡು ಕೇಳುವ ಬಲವೂ ಹೋಗುತ್ತದೆ. ಬ್ಯಾಟರಿ ಮಾತ್ರ ಸೇರಿಸುವವರೂ ಹೊಸ ಇನ್ವರ್ಟರ್‌ನ ವಿವರ ಬರೆದು ಕೊಡಿ, ಯಾಕೆಂದರೆ ಲೈನಿಗೆ ತಾಗುವ ಯಂತ್ರ ಬದಲಾಗಿದೆ. ಬ್ಯಾಟರಿಯಿಂದ ಲೈನಿಗೆ ಬಿಡುವ ಸೆಟ್ಟಿಂಗ್ ಆಫ್ ಇರಲಿ. ಒಪ್ಪಂದ ಆಗಿರುವುದು ಬಿಸಿಲಿನ ಕರೆಂಟಿಗೆ. ಮೊದಲು ಕಾಗದ, ಆಮೇಲೆ ಪ್ಯಾನೆಲ್.

ಅರ್ಜಿ ಎಲ್ಲಿ ಹಾಕೋದು, ಎಷ್ಟು ದಿನ ಆಗುತ್ತೆ?

ಕೊಡಗು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ, ಅಂದರೆ ಚೆಸ್ಕಾಂಗೆ ಸೇರಿದೆ, ಕಚೇರಿ ಮೈಸೂರಿನಲ್ಲಿ ಇದ್ದರೂ ನಿಮ್ಮ ಕೆಲಸ ಆಗುವುದು ನಿಮ್ಮ ಸೆಕ್ಷನ್ ಆಫೀಸ್ ಮತ್ತು ಸಬ್ ಡಿವಿಷನ್‌ನಲ್ಲಿ. ಸಬ್ಸಿಡಿ ಬೇಕಿದ್ದರೆ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಪೋರ್ಟಲ್‌ನಲ್ಲಿ ಆರ್‌ಆರ್ ನಂಬರ್ (ಬಿಲ್ ಮೇಲಿರುವ ಸಂಪರ್ಕ ಸಂಖ್ಯೆ) ಹಾಕಿ ಅರ್ಜಿ, ಅದರ ಸಹಾಯವಾಣಿ 15555. ಚೆಸ್ಕಾಂನದು 1912.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿತು. ಅದರ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಅರ್ಜಿ ಎಲ್ಲ ದಾಖಲೆ ಸರಿಯಿದ್ದರೆ ಒಪ್ಪಿದಂತೆಯೇ, ತಾಂತ್ರಿಕ ಪರಿಶೀಲನೆ ಬೇಕಿಲ್ಲ. ಮಂಜೂರಾದ ಲೋಡ್ ಏರಿಸಬೇಕಿದ್ದರೆ ಅದನ್ನೂ ಕಂಪನಿಯೇ ಮಾಡಬೇಕು. 10ಕ್ಕಿಂತ ಮೇಲಾದರೆ ಪರಿಶೀಲನೆಗೆ 15 ದಿನ. ಕೆಲಸ ಮುಗಿದು ಸರ್ಟಿಫಿಕೇಟ್ ಕೊಟ್ಟ ಮೇಲೆ ಒಪ್ಪಂದ, ಮೀಟರ್, ಚಾಲನೆ ಎಲ್ಲ 15 ದಿನದಲ್ಲಿ. ನಿಮ್ಮ ಕೈಯಲ್ಲಿ ಅರ್ಜಿಯ ದಿನಾಂಕ ಇರುವ ಸ್ವೀಕೃತಿ ಇದ್ದರೆ ಮಾತ್ರ ಈ ದಿನಗಳ ಲೆಕ್ಕ ನಡೆಯುತ್ತದೆ. ಬಾಯಿ ಮಾತಿನ "ನೋಡೋಣ" ಮೇಲೆ ನಿಲ್ಲಬೇಡಿ. ಲೋಡ್ ಏರಿದರೆ ತಿಂಗಳ ನಿಗದಿ ಶುಲ್ಕವೂ ಏರುತ್ತದೆ, ಅದು ಕಿಲೋವ್ಯಾಟ್ ಲೆಕ್ಕದಲ್ಲಿ ಬರುವುದು.

ಮೀಟರ್ ಇನ್ನೂ ತಾತನ ಹೆಸರಲ್ಲಿದೆ, ಜಾಗ ಜಮ್ಮಾ. ಅರ್ಜಿ ಹಾಕ್ಬಹುದಾ?

ನಮ್ಮಲ್ಲಿ ಅರ್ಜಿಗಳು ನಿಲ್ಲುವುದು ಇಲ್ಲೇ. ಜಮ್ಮಾ ಅಂದರೆ ಇಡೀ ಕುಟುಂಬಕ್ಕೆ ಸೇರಿದ ಹಳೇ ಹಿಡುವಳಿ, ಪಹಣಿಯಲ್ಲಿ ಪಟ್ಟೆದಾರರ (ಕುಟುಂಬದ ಹಿರಿಯರ) ಹೆಸರು, ಜೊತೆಗೆ ಒಕ್ಕದ (ಕುಟುಂಬದ) ಹತ್ತಾರು ಹೆಸರು, ಮೀಟರ್ ತೀರಿಹೋದ ತಾತನ ಹೆಸರಲ್ಲಿ, ಬ್ಯಾಂಕ್ ಖಾತೆ ನಿಮ್ಮ ಹೆಸರಲ್ಲಿ. ಸಬ್ಸಿಡಿ ಬರುವುದು ಅರ್ಜಿದಾರರ ಖಾತೆಗೆ, ಅರ್ಜಿ ಇರಬೇಕಾದ್ದು ಬಿಲ್‌ನಲ್ಲಿರುವ ಹೆಸರಲ್ಲಿ. ಹಾಗಾಗಿ ಮೊದಲು ಆರ್‌ಆರ್ ನಂಬರ್ ಹೆಸರು ಬದಲಾವಣೆ ಮಾಡಿಸಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ಪಾಲುದಾರರ ಒಪ್ಪಿಗೆ ಪತ್ರ, ಪಂಚಾಯಿತಿಯ ಮನೆ ಕಂದಾಯದ ರಶೀದಿ, ಇಷ್ಟನ್ನು ಜೋಡಿಸಿಕೊಳ್ಳಿ. ಒಪ್ಪಿಗೆ ಪತ್ರಕ್ಕೆ ಬೆಂಗಳೂರು, ದುಬೈಯಲ್ಲಿ ಇರುವವರ ಸಹಿ ಬೇಕಾಗುತ್ತದೆ, ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗಲೇ ಮುಗಿಸಿಬಿಡಿ. ಹೆಸರು ಬದಲಾಗುವ ಮೊದಲು ವೆಂಡರ್‌ಗೆ ದುಡ್ಡು ಕೊಡಬೇಡಿ.

ಸಬ್ಸಿಡಿ ಎರಡನೇ ಸಲ ಸಿಗುತ್ತಾ? ಬ್ಯಾಟರಿಗೆ? ಹೋಂಸ್ಟೇಗೆ?

ಪಿಎಂ ಸೂರ್ಯಘರ್‌ನಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000ಕ್ಕೆ ಮಿತಿ. ಈಗಾಗಲೇ 3 ಕಿಲೋವ್ಯಾಟ್‌ಗೆ ಪಡೆದಿದ್ದರೆ ಮತ್ತೆ ಸೇರಿಸುವುದಕ್ಕೆ ಏನೂ ಇಲ್ಲ. ಬ್ಯಾಟರಿಗೆ ಸಬ್ಸಿಡಿ ಇಲ್ಲ. ಪ್ಯಾನೆಲ್ ದೇಶದಲ್ಲೇ ಮಾಡಿದ ಸೆಲ್‌ಗಳದ್ದೇ ಆಗಿರಬೇಕು, ವೆಂಡರ್ ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು. ಇದು ಮನೆ ಸಂಪರ್ಕಕ್ಕೆ ಮಾತ್ರ, ಹೋಂಸ್ಟೇ ಮೀಟರ್ ವಾಣಿಜ್ಯ ದರದಲ್ಲಿ ಇದ್ದರೆ ಸಿಗುವುದಿಲ್ಲ. 2025ರ ಸೆಪ್ಟೆಂಬರ್‌ನಿಂದ ಸೋಲಾರ್ ಸಾಮಾನಿನ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ, ಹಳೇ ಕೊಟೇಶನ್ ಇಟ್ಟುಕೊಂಡವರು ಹೊಸದು ಕೇಳಿ.

ಮನೆಗೆ ಸಿಂಗಲ್ ಫೇಸ್. 6 ಕಿಲೋವ್ಯಾಟ್ ಮಾಡ್ಬಹುದಾ?

ಕರ್ನಾಟಕದಲ್ಲಿ ಸಿಂಗಲ್ ಫೇಸ್‌ಗೆ 5 ಕಿಲೋವ್ಯಾಟ್‌ವರೆಗೆ. ಅದರ ಮೇಲೆ ತ್ರೀ ಫೇಸ್ ಬೇಕು. ಕಂಬದಿಂದ ಮನೆಗೆ ದೂರ ಇದ್ದರೆ ತ್ರೀ ಫೇಸ್ ಎಳೆಯುವ ಖರ್ಚು ನೋಡಿ, 5ಕ್ಕೇ ನಿಲ್ಲಿಸುವುದು ಎಷ್ಟೋ ಮನೆಗಳಿಗೆ ಲಾಭ.

## ಸ್ವಲ್ಪ ಆಳದ ಪ್ರಶ್ನೆಗಳು

ಫೆಬ್ರವರಿ, ಮಾರ್ಚ್‌ನಲ್ಲಿ ಒಳ್ಳೇ ಬಿಸಿಲು, ಆಗ್ಲೇ ಇನ್ವರ್ಟರ್ ಟ್ರಿಪ್ ಆಗ್ತಾ ಇರುತ್ತೆ. ಯಾಕೆ?

ಇದಕ್ಕೆ ಉತ್ತರ ನಿಮ್ಮ ಮನೆಯಲ್ಲಿ ಇಲ್ಲ, ಲೈನಿನಲ್ಲಿ ಇದೆ. ಲೈನಿಗೆ ಸೇರಿದ ಇನ್ವರ್ಟರ್ ವೋಲ್ಟೇಜ್ ಶೇ 80ಕ್ಕಿಂತ ಕೆಳಗೆ ಹೋದರೂ, 110ಕ್ಕಿಂತ ಮೇಲೆ ಹೋದರೂ ಎರಡು ಸೆಕೆಂಡಿನಲ್ಲಿ ಬಿಡಿಸಿಕೊಳ್ಳಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ ಹೇಳುತ್ತದೆ. 230 ವೋಲ್ಟ್‌ಗೆ ಇದು 184 ಮತ್ತು 253. ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ಏನಾಗುತ್ತದೆ ಗೊತ್ತಲ್ಲ, ಇಡೀ ಊರಿನ ತೋಟಗಳಲ್ಲಿ ಸ್ಪ್ರಿಂಕ್ಲರ್ ಪಂಪ್ ಶುರು. ಉದ್ದದ ಲೈನಿನ ತುದಿಯ ಮನೆಗೆ ಆಗ 170, 175 ವೋಲ್ಟ್ ಬರುತ್ತದೆ. ಬಲ್ಬ್ ಉರಿಯುತ್ತದೆ, ಆದರೆ ಇನ್ವರ್ಟರ್ ಲೈನಿಗೆ ಸೇರುವುದಿಲ್ಲ. ವರ್ಷದ ಅತಿ ಒಳ್ಳೆ ಬಿಸಿಲು ಹೀಗೆ ಪೋಲಾಗುತ್ತದೆ.

ಇದರ ಉಲ್ಟಾ ಕೂಡ ಇದೆ. ಪಂಪ್ ಯಾವುದೂ ಓಡದ ಭಾನುವಾರದ ಮಧ್ಯಾಹ್ನ ನೀವು 5 ಕಿಲೋವ್ಯಾಟ್ ತಳ್ಳಿದರೆ ತೆಳ್ಳಗಿನ ತಂತಿಯಲ್ಲಿ ವೋಲ್ಟೇಜ್ 253 ದಾಟುತ್ತದೆ, ಮತ್ತೆ ಟ್ರಿಪ್.

ವಿಸ್ತರಣೆಗೆ ದುಡ್ಡು ಹಾಕುವ ಮುಂಚೆ ಇದನ್ನು ಅಳೆಯಿರಿ ಅಂತ ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಈಗಿನ ಇನ್ವರ್ಟರ್ ಆಪ್‌ನಲ್ಲಿ ವೋಲ್ಟೇಜ್ ದಾಖಲೆ ಇರುತ್ತದೆ. ಫೆಬ್ರವರಿಯ ಕೆಲವು ದಿನಗಳದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಚೆಸ್ಕಾಂನ ಜೆಇ (ಜೂನಿಯರ್ ಎಂಜಿನಿಯರ್) ಅವರಿಗೆ ಅರ್ಜಿ ಜೊತೆ ಕೊಡಿ. ಟ್ರಾನ್ಸ್‌ಫಾರ್ಮರ್ ಟ್ಯಾಪ್ ಬದಲಾವಣೆ, ಫೇಸ್ ಸಮತೋಲನ, ದಪ್ಪ ಕಂಡಕ್ಟರ್, ಇದರಲ್ಲಿ ಯಾವುದು ಬೇಕು ಅಂತ ಅವರಿಗೆ ಗೊತ್ತಾಗುತ್ತದೆ. 5 ಕಿಲೋವ್ಯಾಟ್‌ವರೆಗಿನ ಸೋಲಾರ್‌ಗೆ ಬೇಕಾದ ಲೈನ್ ಬಲಪಡಿಸುವ ಖರ್ಚು ಕಂಪನಿಯದೇ ಅಂತ 2024ರ ಅದೇ ತಿದ್ದುಪಡಿಯಲ್ಲಿ ಇದೆ, ಅರ್ಜಿಯಲ್ಲಿ ಅದನ್ನು ಬರೆಯಿರಿ. ಮೀಟರ್‌ನಿಂದ ಇನ್ವರ್ಟರ್‌ಗೆ ಬರುವ ನಿಮ್ಮ ಸ್ವಂತ ಕೇಬಲ್ ತೆಳ್ಳಗಿದ್ದರೆ ಅದನ್ನು ನೀವೇ ಬದಲಿಸಿ. ಟ್ರಿಪ್ ಮಿತಿಯನ್ನು ಸೆಟ್ಟಿಂಗ್‌ನಲ್ಲಿ ಕದ್ದು ಅಗಲ ಮಾಡಿಕೊಡುತ್ತೇವೆ ಅನ್ನುವವರನ್ನು ಹತ್ತಿರ ಸೇರಿಸಬೇಡಿ, ಲೈನ್‌ಮನ್ ಜೀವಕ್ಕೆ ಸಂಬಂಧಿಸಿದ ರಕ್ಷಣೆಯೂ ಅದೇ ಮೆನುವಿನಲ್ಲಿ ಇರುತ್ತದೆ.

ಲೈನ್ ಸರಿ ಆಗೋ ತನಕ ಜಾಸ್ತಿ ಪ್ಯಾನೆಲ್ ಹಾಕಿ, ಎಕ್ಸ್‌ಪೋರ್ಟ್ ಮಾತ್ರ ಕಮ್ಮಿ ಇಟ್ಕೋಬಹುದಾ?

ಇಟ್ಟುಕೊಳ್ಳಬಹುದು, ಇದು ಒಳ್ಳೆಯ ದಾರಿಯೇ. ಮೀಟರ್ ಹತ್ತಿರ ಸಿಟಿ (ತಂತಿಯಲ್ಲಿ ಹರಿಯುವ ಕರೆಂಟ್ ಅಳೆಯುವ ಬಳೆ) ಒಂದನ್ನು ಕ್ಲಿಪ್ ಮಾಡಿದರೆ ಹೊರಗೆ ಎಷ್ಟು ಹೋಗುತ್ತಿದೆ ಅಂತ ಇನ್ವರ್ಟರ್ ನೋಡುತ್ತಿರುತ್ತದೆ, ನೀವು ಹೇಳಿದ ಮಿತಿಗೆ ನಿಲ್ಲುತ್ತದೆ. ಪ್ಯಾನೆಲ್‌ನಿಂದ ಮೊದಲು ಮನೆಗೆ, ಆಮೇಲೆ ಬ್ಯಾಟರಿಗೆ, ಉಳಿದದ್ದು ಮಿತಿಯಷ್ಟು ಲೈನಿಗೆ. ಮಿತಿ ಇಟ್ಟಿದ್ದೀರಿ ಅಂತ ಅರ್ಜಿ ಬೇಡ ಅಂತಾಗುವುದಿಲ್ಲ, ಒಟ್ಟು ಕಿಲೋವ್ಯಾಟ್ ಮತ್ತು ಮಿತಿ ಎರಡನ್ನೂ ಅದರಲ್ಲಿ ಬರೆಯಿರಿ. ಸಿಟಿಯನ್ನು ತಿರುವುಮುರುವು ಹಾಕಿದರೆ ಎಲ್ಲ ಲೆಕ್ಕ ಉಲ್ಟಾ ಆಗುತ್ತದೆ, ಹಾಕಿದ ದಿನವೇ ಗೀಸರ್ ಆನ್ ಆಫ್ ಮಾಡಿ ಆಪ್‌ನಲ್ಲಿ ನೋಡಿ.

ಆಪ್‌ನಲ್ಲಿ 360 ಯೂನಿಟ್ ಅಂತಿದೆ, ಬಿಲ್‌ನಲ್ಲಿ ಎಕ್ಸ್‌ಪೋರ್ಟ್ 210 ಮಾತ್ರ. ಉಳಿದ 150 ಎಲ್ಲೋಯ್ತು?

ಎಲ್ಲೂ ಹೋಗಿಲ್ಲ, ನೀವೇ ಬಳಸಿದ್ದೀರಿ. ಬೈ-ಡೈರೆಕ್ಷನಲ್ ಮೀಟರ್ ಮನೆಯ ಬಾಗಿಲಲ್ಲಿ ನಿಂತಿದೆ, ಒಳಗೇ ಖರ್ಚಾದದ್ದು ಅದಕ್ಕೆ ಕಾಣುವುದಿಲ್ಲ. ಹಗಲು ಪ್ಯಾನೆಲ್‌ನಿಂದ ನೇರವಾಗಿ 150 ಬಳಸಿದಿರಿ, 210 ಹೊರಗೆ ಹೋಯಿತು. ರಾತ್ರಿ ಲೈನಿನಿಂದ 180 ಎಳೆದಿದ್ದರೆ, ಮನೆಯ ನಿಜವಾದ ಬಳಕೆ 330. ಬಿಲ್‌ನಲ್ಲಿ 210ರಲ್ಲಿ 180 ಕಳೆದು 30 ಯೂನಿಟ್ ನಿಮಗೆ ಜಮಾ, ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ನಿಗದಿ ಮಾಡಿದ ದರದಲ್ಲಿ. ಆ ದರ ನೀವು ಕೊಳ್ಳುವಾಗ ಕೊಡುವ ಸುಮಾರು ಆರು ರೂಪಾಯಿಗಿಂತ ತುಂಬಾ ಕಮ್ಮಿ. ಅದಕ್ಕೇ ಮಾರುವುದಕ್ಕೆ ಅಂತ ಪ್ಯಾನೆಲ್ ಜಾಸ್ತಿ ಮಾಡಬೇಡಿ ಅನ್ನುವುದು. ಸೇರಿಸಬೇಕಾದ ಕಿಲೋವ್ಯಾಟ್ ಲೆಕ್ಕಕ್ಕೆ ಬಿಲ್‌ನ ಯೂನಿಟ್ ಹಿಡಿಯಬೇಡಿ, ಈ 330 ಅನ್ನುವ ಸಂಖ್ಯೆ ಹಿಡಿಯಿರಿ, ಅದೂ ಒಂದು ತಿಂಗಳದ್ದಲ್ಲ, ಹನ್ನೆರಡು ತಿಂಗಳದ್ದು. ಬ್ಯಾಟರಿ ಬಂದ ಮೇಲೆ ಎಕ್ಸ್‌ಪೋರ್ಟ್ ಸ್ವಲ್ಪ ಇಳಿಯುತ್ತದೆ, ಮೀಟರ್ ಕೆಟ್ಟಿದೆ ಅಂತ ಗಾಬರಿ ಬೇಡ. ತಿಂಗಳ ಒಂದೇ ತಾರೀಖಿನಂದು ಮೀಟರ್‌ನ ಇಂಪೋರ್ಟ್, ಎಕ್ಸ್‌ಪೋರ್ಟ್ ಎರಡೂ ರೀಡಿಂಗ್ ಮತ್ತು ಆಪ್‌ನ ಉತ್ಪಾದನೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ಬಿಲ್ ತಪ್ಪಾಗಿ ಬಂದಾಗ ಕೌಂಟರಿನಲ್ಲಿ ತೋರಿಸಲು ಆ ಮೂರು ಸಂಖ್ಯೆ ಬೇಕಾಗುತ್ತದೆ.